ಕೆಂಪು ನೂಲಿನ ಗುರುತು

ರಬಕವಿಯ ಆ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದರೂ, ಹಾಲವ್ವನ ಕರೆಂಟಿನ ಮೀಟರು ಮಾತ್ರ ಭಾವ ಚನಮಲ್ಲಪ್ಪನ ಗೋಡೆಯಲ್ಲೇ ಉಳಿದುಬಿಟ್ಟಿತ್ತು. ಅದೇ ಆಗಬಾರದಿತ್ತು ನೋಡಿ. ಅವಳ ಗಂಡ ಗೌರೀಶ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಪಾಳಿಗೆ ಹೋದನೆಂದರೆ ಮುಗಿಯಿತು, ಭಾವ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಹಾಲವ್ವನ ಕರೆಂಟಿನ ಮಗ್ಗ ಗಕ್ಕನೆ ನಿಂತು ಸೀರೆ ಅರ್ಧಕ್ಕೇ ಉಳಿಯುತ್ತಿತ್ತು. ಕೇಳಲು ಹೋದರೆ ಒಂದೇ ಮಾತು: "ಕತ್ತಲದಾಗ ಕುಂದರು, ಬುದ್ಧಿ ಬರತೈತಿ."

ಸಾಕಾಗಿ ಹೋಯಿತು ಹಾಲವ್ವನಿಗೆ. ಮೀಟರನ್ನು ತನ್ನ ಗೋಡೆಗೆ ಸರಿಸಲು ಲೈನ್‌ಮನ್ ಮಹಾಲಿಂಗನನ್ನು ಕರೆಸಿದಳು. ಕಂಬದಿಂದ ಬರುವ ಕೇಬಲ್ ಹೊಸ ಜಾಗಕ್ಕೆ ಮುಟ್ಟುತ್ತಿರಲಿಲ್ಲ. ಜೋಡಿಸಲು ಬೇಕಾದ ಕೇಬಲ್ಲು, ಸ್ಲೀವುಗಳನ್ನು ಬನಹಟ್ಟಿಯಿಂದ ಅವಳೇ ತಂದಿಟ್ಟಿದ್ದಳು.

ಮಹಾಲಿಂಗ ಕಂಬದಲ್ಲಿ ಎರಡೂ ಮನೆಯ ಕರೆಂಟು ತೆಗೆದ. "ಎರಡೂ ಕರೀ ಕೇಬಲ್ಲ, ಒಂದಕ್ಕೊಂದು ಹೆಣಕೊಂಡಾವು. ನಾ ಮುಟ್ಟಬಾರದ್ದಕ್ಕ ಒಂದು ಗುರ್ತು ಕಟ್ರಿ ಅಕ್ಕಾರ."

ಹಾಲವ್ವ ಏಣಿ ಹತ್ತಿ ಭಾವನ ಕೇಬಲ್ಲಿಗೆ ಕೆಂಪು ನೂಲು ಕಟ್ಟಿದಳು. ಅಂಥವನದೂ ಕೆಡಬಾರದು ಎನ್ನುವ ಒಳ್ಳೆಯತನ ನೋಡಿ! ಆಮೇಲೆ ಮಹಾಲಿಂಗನನ್ನು ಚಹಾಕ್ಕೆ ಒಳಗೆ ಕರೆದಳು.

ಹೊರಗೆ ಕಚಕ್ ಎಂದು ಸದ್ದಾಯಿತು. ಓಡಿ ಬಂದರೆ ಭಾವ ಏಣಿಯ ಮೇಲೆ, ಕೈಯಲ್ಲಿ ಕಟರ್. ಕೇಬಲ್ಲಿನ ಮಾರುದ್ದ ತುಂಡು ಗಟಾರದಲ್ಲಿ ಬಿದ್ದಿತ್ತು.

"ಈಗ ಹೆಂಗ ಮುಟ್ಟಸ್ತಿ, ಮುಟ್ಟಸು!" ಎಂದು ಹಲ್ಲು ಕಿರಿದ.

ಹಾಲವ್ವ ತಲೆ ಎತ್ತಿ ನೋಡಿದಳು. ಕೆಂಪು ನೂಲು ಕಟ್ಟಿದ್ದ ಕೇಬಲ್ಲೇ ಇಲ್ಲ. ಭಾವನೂ ನೇಕಾರನೇ; ಮಗ್ಗದ ಹಾಸುನೂಲಿನಲ್ಲಿ ಸೀರೆ ಮುಗಿಯುವ ಕಡೆ ಕೆಂಪು ಗುರುತು ಇರುತ್ತದೆ, ಅದು ಕಂಡಲ್ಲಿ ಕತ್ತರಿ ಹಾಕುವುದು ನೇಕಾರನ ರೂಢಿ. ಇವಳು ಕತ್ತರಿಸಿ ಜೋಡಿಸಬೇಕಾದ ತನ್ನದೇ ಕೇಬಲ್ಲಿಗೆ ಗುರುತು ಕಟ್ಟಿದ್ದಾಳೆ ಎಂದುಕೊಂಡಿದ್ದ ಭಾವ, ಮೂಳ!

"ಚನಮಲ್ಲಪ್ಪಾರ, ಅದು ನಿಮ್ಮದರೀ!" ಎಂದು ಮಹಾಲಿಂಗ ಕೂಗಿದ.

ಭಾವನ ಮುಖ ಹುಳ್ಳಗಾಯಿತು.

ಮಹಾಲಿಂಗ ಹಾಲವ್ವನ ಕೇಬಲ್ ಜೋಡಿಸಿದ. ಸ್ಲೀವು ಒತ್ತಿ, ಟೇಪು ಸುತ್ತಿ, ಮೀಟರನ್ನು ಅವಳದೇ ಗೋಡೆಗೆ ಕೂರಿಸಿ ಕರೆಂಟು ಕೊಟ್ಟ. ಮಗ್ಗ ಖಟಖಟ ಶುರುವಾಯಿತು. ಪಕ್ಕದ ಮನೆಯ ಮಗ್ಗ ಮಾತ್ರ ನಿಂತೇ ಇತ್ತು.

ಚನಮಲ್ಲಪ್ಪ ಅವಳ ಬಾಗಿಲಿಗೆ ಬಂದ. ಕಣ್ಣೆಲ್ಲ ಮಿಕ್ಕ ಕೇಬಲ್ಲಿನ ಮೇಲೆ. "ಅಷ್ಟು ಕೊಡ ತಂಗಿ. ನಾಳೆ ಸೇಠ್‌ಗೆ ಸೀರಿ ಕೊಡೋದೈತಿ."

ತಂಗಿಯಂತೆ! ಇಷ್ಟು ವರ್ಷದಲ್ಲಿ ಇದೇ ಮೊದಲು. ಹಾಲವ್ವನ ಮೈ ಉರಿದುಹೋಯಿತು. ಮಿಕ್ಕ ಕೇಬಲ್ಲು ಸ್ಲೀವುಗಳನ್ನು ಉಡಿಗೆ ಬಾಚಿಕೊಂಡಳು.

"ಕತ್ತಲದಾಗ ಕುಂದರ್ರಿ ಭಾವಾರ, ಬುದ್ಧಿ ಬರತೈತಿ," ಎಂದು ಬಾಗಿಲು ಹಾಕಿಕೊಂಡಳು.