ಗುಬ್ಬಿಗಳು ಇಳಿದ ಸಾಲು

"ನನ್ನ ಕಡೆ ನೋಡಬ್ಯಾಡ ಉಡಚವ್ವ. ನಾ ಇಲ್ಲೇ ಇಲ್ಲಂತ ತಿಳಕೋ."

"ಇಷ್ಟೆತ್ತರ ಸಾಹೇಬ್ರು ಬದುವಿನ ಮ್ಯಾಲ ಕುಂತೀರಿ, ಇಲ್ಲಂತ ಹ್ಯಾಂಗ ತಿಳಕೊಳ್ಳಲಿರಿ?"

ಮುಂಬಯಿಯ ಚಿತ್ರ ಕಂಪನಿಯಿಂದ ಚಿಕ್ಕೇರೂರಿಗೆ ಬಂದಿದ್ದ ಮಾಲತೇಶನಿಗೆ ನಟನೆಯಿಲ್ಲದ ಬಿತ್ತನೆಯ ಚಿತ್ರ ಬೇಕಿತ್ತು. ಇದ್ದದ್ದನ್ನು ಇದ್ದ ಹಾಗೆ ತೋರಿಸಬೇಕು, ನಡುವೆ ಬಾಯಿ ಹಾಕಬಾರದು ಎಂಬುದು ಅವನ ನೇಮ. ನಿನ್ನೆ ಉಡಚವ್ವ ಧಾರೆಸೀರೆ ಉಟ್ಟು, ಎತ್ತುಗಳಿಗೆ ಗೆಜ್ಜೆ ಕಟ್ಟಿಸಿ ಬಂದದ್ದರಿಂದ ಒಂದು ಫಿಲ್ಮ್ ಸುರುಳಿ ಪೂರ್ತಿ ದಂಡವಾಗಿತ್ತು. ಮಹಾಯುದ್ಧ ಮುಗಿದ ಮರುವರ್ಷ. ಬೇರೆ ಸುರುಳಿ ಸಿಗುವಂತಿರಲಿಲ್ಲ. ಉಳಿದದ್ದು ಒಂದೇ.

ಇವತ್ತು ದಿನದ ಸೀರೆ. ಗಂಡ ಗುತ್ತೆಪ್ಪ ಎತ್ತು ಹೊಡೆದ. ಅವಳು ಬಿತ್ತುವ ಕೂರಿಗೆಯ ಬಟ್ಟಲಿಗೆ ಜೋಳ ಬಿಡುತ್ತ ಹಿಂದೆ ನಡೆದಳು. ಮೈದುನನ ಮದುವೆಯ ಮಾತು ಉಡಚವ್ವನೇ ತೆಗೆದಳು.

"ನಿಮ್ಮ ಸವಣೂರ ಅತ್ತಿ ಬಂದ್ರ ಹೋಳಿಗಿ ಸಾಲಾಂಗಿಲ್ಲ!"

"ಸಾಲದಿದ್ರ ನಿಮ್ಮವ್ವಗ ರೊಟ್ಟಿ ಹಾಕೋಣು!"

ಜಗಳ ಏರಿತು, ಕ್ಯಾಮೆರಾ ಇಬ್ಬರಿಗೂ ಮರೆತೇಹೋಯಿತು. ಮಾಲತೇಶ ಉಸಿರು ಬಿಗಿಹಿಡಿದು ಕ್ಯಾಮೆರಾದ ಹಿಡಿ ತಿರುಗಿಸಿದ. ಸಾಲಿನ ಹಿಂದೆ ಒಂದು ಗುಬ್ಬಿ ಇಳಿಯಿತು, ಆಮೇಲೆ ಹಿಂಡೇ ಇಳಿಯಿತು. ಎಂಥ ಚೆಲುವು ಎಂದುಕೊಂಡವನಿಗೆ ಕಾರಣವೂ ಕಂಡಿತು. ಕೂರಿಗೆಯ ಬಿದಿರ ನಳಿಗೆಯೊಂದು ಬುಡದಲ್ಲಿ ಕಳಚಿ, ಕಾಳು ಮಣ್ಣೊಳಗೆ ಇಳಿಯದೆ ಮೇಲೆಯೇ ಚೆಲ್ಲುತ್ತಿತ್ತು.

ಕೂಗಿದರೆ ಚಿತ್ರ ಹೋಯಿತು. ಕೂಗದಿದ್ದರೆ ಅವಳ ಬೀಜ ಹೋಯಿತು. ಮನೆಯಲ್ಲಿ ಬೇರೆ ಬೀಜವಿಲ್ಲ, ಮಣ್ಣಿನ ಹದವೂ ಕಾಯದು. ಹಿಡಿ ತಿರುಗುತ್ತಲೇ ಇತ್ತು. ಕೂರಿಗೆ ಅರ್ಧ ಹೊಲ ದಾಟಿತು.

"ಉಡಚವ್ವಾ! ನಳಗಿ ಕಳಚೇತಿ, ನಿಲ್ಲಸ್ರಿ!"

ಅವಳು ತಿರುಗಿ ನೇರ ಕ್ಯಾಮೆರಾದೊಳಕ್ಕೇ ನೋಡಿದಳು. "ಯಾವಾಗ ಕಂಡ್ರಿ?"

"ಆಗಳೇ... ಆ ಜಾಲಿಗಿಡದ ಹತ್ರ."

"ಅಲ್ಲಿಂದ ಇಲ್ಲೀತನಕ ಬಾಯಾಗ ಎಲಿಅಡಿಕಿ ತುಂಬ್ಕೊಂಡಿದ್ರೇನು?"

"ಚಿತ್ರ ಕೆಡತೈತಿ ಅಂತ..."

"ಗುಬ್ಬಿಗೆಲ್ಲಾ ಮದಿವಿ ಊಟ ಹಾಕ್ಸಿದ್ರಿ ಬಿಡ್ರಿ!"

ಗುತ್ತೆಪ್ಪ ನೊಗ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕ. ಉಡಚವ್ವ ನಗಲಿಲ್ಲ, ಸಾಹೇಬರ ಟೊಪ್ಪಿಗೆ ತೆಗೆದುಕೊಂಡು ಅದರ ತುಂಬ ಉಡಿಯ ಜೋಳ ಸುರಿದಳು.

"ಜಾಲಿಗಿಡದಿಂದ ಇಲ್ಲೀತನಕ ನೀವ ಕೈಯಿಂದ ಕಾಳು ಊರ್ರಿ."

ಮಾಲತೇಶ ಬೂಟು ಬಿಚ್ಚಿದ. ಅವನು ಬಗ್ಗಿದ ಪರಿ ನೋಡಿ ಅವಳಿಗೂ ನಗು ತಡೆಯಲಿಲ್ಲ.

ಮುಂದಿನ ವಾರ ಊರು ಬಿಡುವ ಮೊದಲು ಅವನು ಹೊಲಕ್ಕೆ ಬಂದ. ಮೊಳಕೆಗಳು ನೂಲು ಹಿಡಿದಂತೆ ಎದ್ದಿದ್ದವು. ಅವನು ಊರಿದ ಸಾಲು ಮಾತ್ರ ಅಲ್ಲಿ ಗುಂಪು, ಇಲ್ಲಿ ಬಯಲು, ಹಾವು ಹರಿದ ಹಾಗೆ. ಒಂದು ಕಡೆ ಮಣ್ಣಿನ ಹೆಂಟೆಯಡಿ ಸಿಕ್ಕ ಮೊಳಕೆ ಬಿಳಿಚಿ ಬಾಗಿತ್ತು. ಅವನು ಕುಕ್ಕರಗಾಲಲ್ಲಿ ಕುಳಿತು, ಆ ಹೆಂಟೆಯನ್ನು ಬೆರಳಿನಿಂದ ಮೆಲ್ಲನೆ ಸರಿಸಿದ.