ಮಿಗ್ ಮುಂದೆ ನಿಂತ ವಾರಗಿತ್ತಿ

ಟೊಮ್ಯಾಟೊ ಕ್ರೇಟಿನ ಮೇಲಿಟ್ಟಿದ್ದ ಶಾಮಲಮ್ಮನ ಫೋನು ಒಮ್ಮೆ ಟಿಣ್ ಅಂದದ್ದು ಮತ್ತೆ ನಿಲ್ಲಲೇ ಇಲ್ಲ. ಕೋಲಾರದಲ್ಲಿರುವ ಮೈದುನ ನರೇಶನ ಹೆಂಡತಿ ಆಶಾರಾಣಿ ಮನೆಮಂದಿಯ ಗ್ರೂಪಿಗೆ ಫೋಟೊ ಸುರಿಯುತ್ತಿದ್ದಳು. ಬೆಂಗಳೂರಿನ ವಿಮಾನ ಮ್ಯೂಸಿಯಮ್ಮಿನ ಫೋಟೊಗಳು. ಯುದ್ಧ ಮಾಡಿ ದಣಿದು ಈಗ ಬಣ್ಣ ಬಳಿಸಿಕೊಂಡು ನಿಂತಿರುವ ಹಳೆಯ ವಿಮಾನಗಳು, ಅವುಗಳ ನಡುವೆ ಶಾಮಲಮ್ಮನ ಗಂಡ ರಾಮಚಂದ್ರಪ್ಪ.

ಒಂದರಲ್ಲಿ ಅವನು ಮಿಗ್ ವಿಮಾನದ ಹೊಟ್ಟೆಯ ಮೇಲೆ ಕೈಯಿಟ್ಟಿದ್ದ, ಈಯಲಿಕ್ಕಿರುವ ಹಸುವನ್ನು ಸವರುವ ಹಾಗೆ. ಬಾಯಿ ತೆರೆದಿತ್ತು. ಏನೋ ಹೇಳುತ್ತಿದ್ದಾನೆ. ಪಕ್ಕದಲ್ಲಿ ಆಶಾರಾಣಿ ಹೆಗಲಿಗೆ ಬ್ಯಾಗು ಹಾಕಿಕೊಂಡು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಅವನ ಮುಖವನ್ನೇ ನೋಡುತ್ತಿದ್ದಾಳೆ. ಕೆಳಗೆ ಬರೆದಿದ್ದಳು: ‘ಬಾವ ನಮಗೆಲ್ಲ ವಿವರಿಸುತ್ತಿರುವುದು.’

ಮಾಲೂರಿಗೆ ಮದುವೆಯಾಗಿ ಹೋದ ಮಗಳು ಸಹನ ತಕ್ಷಣ ಉತ್ತರ ಹಾಕಿದಳು: ‘ಅಪ್ಪ ಹೀರೋ ಥರ ಇದ್ದಾರೆ. ಥ್ಯಾಂಕ್ಸ್ ಚಿಕ್ಕಮ್ಮ.’

ಪಕ್ಕದ ಸಾಲಿನಲ್ಲಿ ಹಣ್ಣು ಕೀಳುತ್ತಿದ್ದ ಎಲ್ಲಮ್ಮ ಕತ್ತು ಚಾಚಿದಳು. “ಅಮ್ಮಯ್ಯ, ಯಜಮಾನ್ರು ಇಷ್ಟು ನಗ್ತಾರಾ? ನಾನು ಇಷ್ಟು ವರ್ಷದಿಂದ ಕೂಲಿಗೆ ಬರ್ತೀನಿ, ಹಲ್ಲು ಹೆಂಗವೆ ಅಂತ ಇವತ್ತೇ ನೋಡಿದ್ದು.”

“ನೀನು ಹಣ್ಣು ನೋಡು,” ಅಂದಳು ಶಾಮಲಮ್ಮ.

ರಾಮಚಂದ್ರಪ್ಪ ಏರ್‌ಫೋರ್ಸಿನಲ್ಲಿದ್ದವನು. ಹಾರಿಸುವವನಲ್ಲ, ಹಾರುವ ಮುಂಚೆ ನೆಲದ ಮೇಲೆ ವಿಮಾನವನ್ನು ಸಿದ್ಧ ಮಾಡಿ ಕಳಿಸುವವನು. ಅವನು ಅಲ್ಲಿ ಎಲ್ಲೋ ಇದ್ದ ಕಾಲದಲ್ಲಿ ಶಾಮಲಮ್ಮ ಬೈರಕೂರಿನಲ್ಲಿ ಅತ್ತೆ ಮಾವ, ಹಸು, ಹೊಲ ಎಲ್ಲ ನೋಡಿಕೊಂಡಳು. ರಜಕ್ಕೆ ಬಂದಾಗ ಅಲ್ಲಿ ಏನು ಕೆಲಸ ಅಂತ ಕೇಳಿದರೆ “ಡ್ಯೂಟಿ” ಅನ್ನುತ್ತಿದ್ದ. ಪಿಂಚಣಿ ಬಂದು ಮನೆ ಸೇರಿದ ಮೇಲೂ ಅದೇ ಉತ್ತರ. ಅವಳು ಕೇಳುವುದನ್ನು ಬಿಟ್ಟಳು. ಮಾತು ಇಲ್ಲದ ಮನುಷ್ಯ ಅಂದುಕೊಂಡು ಸಮಾಧಾನ ಮಾಡಿಕೊಂಡಿದ್ದಳು. ಈಗ ನೋಡಿದರೆ ಮಾತಿತ್ತು, ಖರ್ಚಾಗಿದ್ದು ಬೇರೆ ಕಡೆ.

ಆಶಾರಾಣಿ ಕರೆಯಲಿಲ್ಲ ಅಂತಿಲ್ಲ. ಶುಕ್ರವಾರ ಫೋನು ಮಾಡಿ “ಅಕ್ಕ, ನೀವೂ ಬನ್ನಿ” ಅಂದಿದ್ದಳು. “ಆಳುಗಳಿಗೆ ಹೇಳಿಬಿಟ್ಟಿದ್ದೀನಿ, ನಾನೆಲ್ಲಿ ಬರ್ಲಿ” ಅಂದಿದ್ದಳು ಶಾಮಲಮ್ಮ. ಈ ಕಡೆ ಮೊದಲ ಸಲ ಬೇಡ ಅನ್ನುವುದು ಮರ್ಯಾದೆಗೆ. ಕರೆದವರು ಮತ್ತೆ ಬಲವಂತ ಮಾಡಬೇಕು, ಆಮೇಲೆ ಸೀರೆ ಯಾವುದು ಉಡಲಿ ಅಂತ ಯೋಚನೆ. ಆಶಾರಾಣಿ ಮಾತ್ರ “ಸರಿ ಅಕ್ಕ” ಅಂತ ಫೋನಿಟ್ಟಳು. ಗಂಡನಾದರೂ ಇನ್ನೊಮ್ಮೆ ಕೇಳಿಯಾನು ಅಂತ ಶಾಮಲಮ್ಮ ಶನಿವಾರವೆಲ್ಲ ಕಾದಳು. ಅವನು ಕೇಳಿದ್ದು ಇಸ್ತ್ರಿ ಮಾಡಿದ ಶರಟು ಎಲ್ಲಿ ಅಂತ.

ಹೊತ್ತು ಇಳಿಯುವ ಮುಂಚೆ ಕಾರು ಬಂತು. ನರೇಶ, ಆಶಾರಾಣಿ ಕಾಫಿಗೆ ಕೂತರು. ಫೋನು ಕೈಯಿಂದ ಕೈಗೆ ಹೋಯಿತು. ಶಾಮಲಮ್ಮ ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಮಿಗ್‌ನ ಮೂಗಿನ ಕೊಳವೆಗೆ ಒಂದು ಕೆಂಪು ಬಟ್ಟೆಪಟ್ಟಿ ಜೋತುಬಿದ್ದಿತ್ತು, ಚಕ್ರದ ಹತ್ತಿರ ಇನ್ನೊಂದು. ಅವಳಿಗೆ ಜೀವ ಬಂತು. ಇದು ತನಗೂ ಗೊತ್ತಿರುವ ವಿಷಯ.

“ನೋಡು, ವಿಮಾನಕ್ಕೂ ದೃಷ್ಟಿಗೆ ಅಂತ ಕಟ್ಟವ್ರೆ. ಇವರು ನಮ್ಮ ಬೋರಿನ ಸ್ಟಾರ್ಟರ್‌ಗೆ ಕೆಂಪು ಬಟ್ಟೆ ಕಟ್ಟಲ್ವಾ, ಹಂಗೇ. ಕಟ್ಟಿದಾಗೆಲ್ಲ ನಾನು ಕುಂಕುಮ ಇಡ್ತೀನಿ.”

ಆಶಾರಾಣಿ ಕೆಟ್ಟ ಮನಸ್ಸಿನಿಂದ ನಗಲಿಲ್ಲ, ಆದರೆ ನಕ್ಕಳು. “ಅಯ್ಯೋ ಅಕ್ಕ, ದೃಷ್ಟಿಗಲ್ಲ. ಅಲ್ಲಿ ಮುಚ್ಚಳ ಇದೆ, ಪಿನ್ ಇದೆ, ತೆಗೀದೆ ಹಾರಿಸಬೇಡಿ ಅಂತ ಗುರುತು. ಹಾರೋ ಮುಂಚೆ ಎಲ್ಲ ಬಿಚ್ಚಿ, ಕೈಯಲ್ಲಿ ಎತ್ತಿ ಪೈಲಟ್‌ಗೆ ತೋರಿಸಬೇಕಂತೆ. ಸ್ಟಾರ್ಟರ್‌ಗೂ ಅದೇ ಲೆಕ್ಕ, ರಿಪೇರಿ ನಡೀತಿದೆ, ಯಾರೂ ಸ್ವಿಚ್ ಒತ್ತಬೇಡಿ ಅಂತ. ಬಾವ ಹೇಳಿದ್ರು.”

“ಅತ್ತಿಗೆ ಬಂದಿದ್ರೆ ಮಿಗ್‌ಗೂ ಮಂಗಳಾರತಿ ಎತ್ತಿಬಿಡ್ತಿದ್ರು,” ಅಂದ ನರೇಶ.

ಎಲ್ಲರೂ ನಕ್ಕರು. ಶಾಮಲಮ್ಮನೂ ನಕ್ಕು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ತನ್ನ ಮನೆಯ ಸ್ಟಾರ್ಟರಿನ ಸುದ್ದಿ ಕೋಲಾರದವಳಿಗೆ ಗೊತ್ತು, ತನಗೆ ಗೊತ್ತಿಲ್ಲ. ಲೋಟ ತೊಳೆದದ್ದನ್ನೇ ತೊಳೆದಳು.

ಕಾರು ಹೋದ ಮೇಲೆ ರಾಮಚಂದ್ರಪ್ಪ ಅಡಿಗೆಮನೆ ಬಾಗಿಲಿಗೆ ಬಂದ. “ಏನಾಯ್ತು?”

“ಏನಿಲ್ಲ. ಡ್ಯೂಟಿ.”

ಅವನು ಹೊಸಿಲ ಮೇಲೆ ಕೂತ. ಅವಳು ಲೋಟ ಬೋರಲು ಹಾಕಿ ತಿರುಗಿದಳು. “ಇಷ್ಟು ವರ್ಷ ಕುಂಕುಮ ಇಟ್ಟೆ. ‘ಲೇ ಹುಚ್ಚಿ, ಇದು ಇಂಥದ್ದು’ ಅನ್ನಕ್ಕೆ ಆಗ್ಲಿಲ್ವಾ?”

“ನೀನು ಕುಂಕುಮ ಇಟ್ಟ ಮೇಲೆ ಯಾರೂ ಅದರ ಹತ್ತಿರ ಹೋಗ್ತಿರಲಿಲ್ಲ. ಬರೀ ಬಟ್ಟೆ ಕಟ್ಟಿದ್ರೆ ಆಳುಗಳು ಬಿಚ್ಚಿ ಬೆವರು ಒರೆಸ್ಕೋತಿದ್ರು. ಅದಕ್ಕೆ ಸುಮ್ಮನಿದ್ದೆ.”

“ಆಶಾಗೆ ಹೇಳಿದ್ರಿ.”

“ಅವಳು ಕೇಳಿದಳು.”

“ನಾನು ಕೇಳಿರಲಿಲ್ವಾ?”

“ನೀನು ಕೇಳೋ ಹೊತ್ತಿಗೆ ಇಲ್ಲಿ ನಮ್ಮಪ್ಪ ಹಾಸಿಗೆ ಹಿಡಿದಿದ್ದರು. ನೀನು ಅವರ ಮೈ ಒರೆಸ್ತಿದ್ದೆ. ನಾನು ಅಲ್ಲಿ ವಿಮಾನದ ಮೈ ಒರೆಸ್ತಿದ್ದೀನಿ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ? ಹೇಳದೇ ಹೇಳದೇ ಅಭ್ಯಾಸ ಆಗೋಯ್ತು.”

ಮಾತು ನ್ಯಾಯವಾಗಿತ್ತು. ಹೊಟ್ಟೆಯ ಉರಿ ಮಾತ್ರ ನ್ಯಾಯ ಕೇಳಿ ಆರುವಂಥದ್ದಲ್ಲ. ಅವಳು ಕೈ ಒರೆಸಿಕೊಂಡು ಫೋನು ತಂದು, ಹೊಸಿಲಿನ ಈಚೆ ಅವನೆದುರಿಗೆ ಕೂತಳು. ಮಿಗ್‌ನ ಫೋಟೊ ತೆರೆದಳು.

“ಹೇಳಿ.”

“ಇದು ಮಿಗ್ ಇಪ್ಪತ್ತೊಂದು. ಇದರ ಇಂಜಿನ್ನು...”

“ಆಶಾಗೆ ಹೇಳಿದ್ದು ನನಗೆ ಬೇಡ. ಅವಳಿಗೆ ಹೇಳದೆ ಇರೋದು ಏನಾದ್ರೂ ಇದ್ರೆ ಹೇಳಿ.”

ರಾಮಚಂದ್ರಪ್ಪ ಫೋಟೊ ನೋಡಿದ, ಅವಳನ್ನು ನೋಡಿದ. ಚಕ್ರದ ಹಿಂದಿನ ಜಾಗಕ್ಕೆ ಬೆರಳಿಟ್ಟ.

“ಇಂಥದ್ದೇ ಒಂದರ ಕೆಳಗೆ, ಇಲ್ಲಿ, ಅಂಗಾತ ಮಲಗಿದ್ದೆ. ಸಹನ ಹುಟ್ಟಿದ ಸುದ್ದಿ ಬಂತು. ನಿನಗೆ ರಕ್ತ ತುಂಬಾ ಹೋಗಿದೆ ಅಂತಾನೂ ಬಂತು. ರಜ ಸಿಗಲಿಲ್ಲ. ಅಲ್ಲೇ ಮಲಗಿ ಅತ್ತುಬಿಟ್ಟೆ. ಹೊರಗೆ ಬಂದಾಗ ಏನಯ್ಯಾ ಅಂದ್ರು, ಕಣ್ಣಿಗೆ ಎಣ್ಣೆ ಬಿತ್ತು ಅಂದೆ.”

ಶಾಮಲಮ್ಮ ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಆ ಚಕ್ರದ ಜಾಗವನ್ನು ನೋಡಿದಳು. ಹಿಗ್ಗಿಸಿದಷ್ಟೂ ವಾರಗಿತ್ತಿ ಅಂಚಿನಿಂದ ಆಚೆ ಸರಿದಳು.

“ಇದನ್ನ ಗ್ರೂಪಿನಲ್ಲಿ ಯಾರಿಗೂ ಹೇಳಬೇಡಿ,” ಅಂದಳು.

“ನಾನ್ಯಾಕೆ ಹೇಳ್ಲಿ.”

“ಸಹನಂಗೂ ಬೇಡ.” ಆಮೇಲೆ ಬೆರಳಿನಿಂದ ಫೋಟೊ ಸರಿಸಿ, ದಪ್ಪ ಮೂತಿಯ ಇನ್ನೊಂದು ವಿಮಾನ ತೋರಿಸಿದಳು. “ಇದು?”