ಪಕ್ಕದ ಹಳಿ

ಬೆಳಗಿನ ಲೋಕಲ್ ರೈಲಿನ ಬಾಗಿಲಿಂದ ಗಡಿಯಾರದ ತಾತ ಬಿದ್ದ ದಿನ ದರ್ಜಿ ಅಕ್ಕನ ತಾಳ್ಮೆ ಮುಗಿಯಿತು.

ತಾತ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ. ರೈಲ್ವೆಯವರು ಆ ಗಾಡಿಯಿಂದ ಎರಡು ಬೋಗಿ ಕಳಚಿ ಬೇರೆ ಕಡೆಗೆ ಒಯ್ದ ಮೇಲೆ ಒಳಗೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಬಾಗಿಲಲ್ಲಿ ಜೋತುಬಿದ್ದವರು ದಿನವೂ ಜೀವ ಕೈಯಲ್ಲಿ ಹಿಡಿದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು.

ಅಕ್ಕ ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಹಿರಿಯ ದರ್ಜಿ. ಪ್ರಯಾಣಿಕರ ಸಂಘ ಕಟ್ಟಿದವಳೂ ಅವಳೇ. ಕಪ್ಪು ಪಟ್ಟಿ ಹೊಲಿದು ಎಲ್ಲರ ತೋಳಿಗೆ ಕಟ್ಟಿದ್ದಳು, ರೈಲ್ವೆ ಅಧಿಕಾರಿಯ ಕೋಣೆಯ ಹೊರಗೆ ಕಾದು ಕಾದು ಬೆಂಚು ಸವೆಸಿದ್ದಳು. ಅಧಿಕಾರಿ ಪ್ರತಿ ಸಲವೂ ಟೀ ತರಿಸಿ, "ಮೇಲಿನವರಿಗೆ ತಿಳಿಸಿದ್ದೀವಮ್ಮ" ಎನ್ನುತ್ತಿದ್ದ.

"ಮೇಲಿನವರು ಅಂದ್ರೆ ದೇವರೇ ಇರ್ಬೇಕು. ಅವನಿಗೂ ಕಿವಿ ಇಲ್ಲ" ಎಂದು ಪಟಾಕಿ ಗೊಣಗುತ್ತಿದ್ದ. ಪಟಾಕಿ ಎಂದರೆ ಮುದ್ರಣಾಲಯದಲ್ಲಿ ಯಂತ್ರ ನಡೆಸುವವನು. ಕೋಪ ಮೂಗಿನ ತುದಿಯಲ್ಲೇ, ಅದಕ್ಕೇ ಆ ಹೆಸರು.

ತಾತನನ್ನು ನೋಡಿಕೊಂಡು ಬಂದವರೆಲ್ಲ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಾಗ ಪಟಾಕಿಯೇ ಹೇಳಿದ: "ನಾಳೆ ಹಳಿ ಮೇಲೆ ಕೂರೋಣ. ಗಾಡಿ ನಿಂತ್ರೆ ಕಿವಿ ತೆರೆಯುತ್ತೆ."

"ಕೂರೋಣ. ಆದ್ರೆ ಕಲ್ಲು ಎತ್ತಿದೋನ ಕೈಯನ್ನ ಜೇಬಿಗೆ ಸೇರಿಸಿ ನಾನೇ ಹೊಲಿದುಬಿಡ್ತೀನಿ" ಎಂದಳು ಅಕ್ಕ. ಜನ ನಕ್ಕರು. ಅವಳಿಗೆ ನಗು ಬರಲಿಲ್ಲ. ಆ ರೈಲಿನ ಗಾರ್ಡ್ ಅವಳ ಒಡಹುಟ್ಟಿದ ತಮ್ಮ.

ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಎತ್ತಿ ಆಡಿಸಿ, ಹೊಲಿಗೆಯ ಸಂಬಳದಲ್ಲಿ ಓದಿಸಿ, ಈ ನೌಕರಿಯವರೆಗೆ ತಂದವಳು ಅಕ್ಕ. ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಅವಳು ಮನೆಗೆ ಬಂದಾಗ ಅವನು ಮರುದಿನದ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ.

"ನಾಳೆ ರಜೆ ಹಾಕೋ" ಎಂದಳು.

ಅವನು ಇಸ್ತ್ರಿಪೆಟ್ಟಿಗೆ ನಿಲ್ಲಿಸಿದ. "ಹಳಿ ಮೇಲೆ ಕೂತ್ಕೋತೀರಾ?"

ಅವಳು ಚೀಲವನ್ನು ಮೊಳೆಗೆ ನೇತುಹಾಕಿದಳು.

"ಎಲ್ಲಿ ಅಂತ ಹೇಳಕ್ಕಾ."

"ಸ್ಟೇಷನ್ ದಾಟಿದ ಮೇಲೆ, ತಿರುವಿನ ಹತ್ರ."

ಅವನ ಮುಖ ಬಿಳಿಚಿತು. "ಆ ಹೊತ್ತಿಗೆ ಪಕ್ಕದ ಹಳಿ ಮೇಲೆ ಎದುರಿಂದ ಎಕ್ಸ್‌ಪ್ರೆಸ್ ಬರುತ್ತೆ. ಅದು ಇಲ್ಲಿ ನಿಲ್ಲೋ ಗಾಡಿ ಅಲ್ಲ. ತಿರುವಲ್ಲಿ ಡ್ರೈವರ್‌ಗೆ ಮುಂದೇನಿದೆ ಅಂತ ಕಾಣೋದೂ ಇಲ್ಲ."

"ಆ ಹಳಿಗೆ ಯಾರನ್ನೂ ಬಿಡಲ್ಲ. ಮಧ್ಯದಲ್ಲಿ ಬಟ್ಟೆ ಪಟ್ಟಿ ಕಟ್ತೀನಿ."

"ಜನ ಏನು ನಿನ್ನ ಪರದೆ ಬಟ್ಟೇನಾ, ಗೆರೆ ಎಳೆದ ಕಡೆ ನಿಲ್ಲೋಕೆ? ಜಾಗ ಬದಲಾಯಿಸಕ್ಕಾ."

"ಎಲ್ಲರಿಗೂ ಹೇಳಿ ಆಗಿದೆ. ನೀನು ನಿನ್ನ ಕೆಲಸ ನೋಡ್ಕೋ."

ಅವನು ಇಸ್ತ್ರಿ ಮುಗಿಸಿ ಅಂಗಿ ಮಡಿಸಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಕೋಪ ತಣಿಸಿಕೊಳ್ಳಲು ಹೋಗಿದ್ದಾನೆ ಎಂದುಕೊಂಡಳು ಅಕ್ಕ.

ಬೆಳಿಗ್ಗೆ ಸಂಘದವರು ಮಾತ್ರ ಬರುತ್ತಾರೆಂದು ಅವಳ ಲೆಕ್ಕವಿತ್ತು. ಆದರೆ ತಾತ ಬಿದ್ದ ಸುದ್ದಿ ಬಾಯಿಂದ ಬಾಯಿಗೆ ಹರಡಿತ್ತು. ಹೋಟೆಲ್ ಕೆಲಸದವರು, ಕಾಲೇಜಿನ ಹುಡುಗಿಯರು, ಮಗುವನ್ನು ಸೊಂಟದಲ್ಲಿಟ್ಟುಕೊಂಡ ತಾಯಂದಿರು, ಒಬ್ಬರ ಹಿಂದೊಬ್ಬರು ಬಂದು ಕೂತರು. ಲೋಕಲ್ ರೈಲು ಸ್ಟೇಷನ್ ಬಿಟ್ಟು, ಕೂತವರನ್ನು ಕಂಡು, ಉದ್ದಕ್ಕೆ ಶಿಳ್ಳೆ ಹಾಕುತ್ತ ನಿಂತಿತು. ಜನ ಕೇಕೆ ಹಾಕಿದರು. ರೈಲಿನೊಳಗಿದ್ದವರೂ ದುಮುಕಿ ಬಂದು ಸೇರಿಕೊಂಡರು. ಹಿಂದಿನವರು ತಳ್ಳಿದ ಹಾಗೆ ಮುಂದಿನವರು ಸರಿದರು. ಅಕ್ಕ ಗೂಟಕ್ಕೆ ಕಟ್ಟಿದ್ದ ಬಟ್ಟೆ ಪಟ್ಟಿ ಯಾರದೋ ಕಾಲಿಗೆ ಸಿಕ್ಕಿ ಕಿತ್ತುಹೋಯಿತು. ಅವಳು ತಿರುಗಿ ನೋಡುವಷ್ಟರಲ್ಲಿ ಪಕ್ಕದ ಹಳಿಯ ತುಂಬ ಜನ.

"ಈಚೆ ಬನ್ನಿ! ಆ ಹಳಿ ಬಿಡಿ!"

ಗದ್ದಲದಲ್ಲಿ ಅವಳ ದನಿ ಪಕ್ಕದವರಿಗೂ ಕೇಳಿಸಲಿಲ್ಲ. ಅವಳು ತೋಳು ಹಿಡಿದು ಒಬ್ಬಳನ್ನು ಎಳೆದರೆ ಆ ಜಾಗಕ್ಕೆ ಇನ್ನಿಬ್ಬರು ಬಂದರು.

ಆಗ ರೈಲಿನ ಹಿಂಬದಿಯಿಂದ ತಮ್ಮ ಓಡಿಬಂದ. ಟೋಪಿ ಇಲ್ಲ, ಕೈಯಲ್ಲಿ ಕೆಂಪು ಬಾವುಟ. ಅಕ್ಕನನ್ನು ನೋಡಿದರೂ ನಿಲ್ಲಲಿಲ್ಲ. ಜನರನ್ನು ಮೊಣಕೈಯಿಂದ ಸೀಳಿಕೊಂಡು ತಿರುವಿನ ಕಡೆಗೆ ಓಡಿದ. ಗಾರ್ಡ್ ತಪ್ಪಿಸಿಕೊಂಡು ಹೋಗುತ್ತಿದ್ದಾನೆಂದು ಯಾರೋ ಅವನ ಅಂಗಿ ಹಿಡಿದು ಜಗ್ಗಿದರು. ಬೆನ್ನಿನ ಮೇಲೆ ಬಟ್ಟೆ ಪರ್ರೆಂದು ಹರಿಯಿತು.

"ಬಿಡ್ರೋ ಅವನನ್ನ!" ಪಟಾಕಿ ಗರ್ಜಿಸಿದ. ಹಿಡಿದವನ ಕೈ ಸಡಿಲವಾಯಿತು.

ದೂರದಲ್ಲಿ ಎಕ್ಸ್‌ಪ್ರೆಸ್ಸಿನ ಶಿಳ್ಳೆ ಕೇಳಿತು. ಕಾಲ ಕೆಳಗಿನ ಕಲ್ಲುಗಳು ಸಣ್ಣಗೆ ನಡುಗಿದವು. ಆಗ ಜನಕ್ಕೆ ಅರ್ಥವಾಯಿತು. ಕಿರುಚಾಟ, ನೂಕಾಟ. ಅಕ್ಕ ಒಬ್ಬ ತಾಯಿಯ ಕೈಯಿಂದ ಮಗುವನ್ನು ಕಿತ್ತುಕೊಂಡು ಆಚೆಗಿದ್ದವರ ಕೈಗೆ ಎಸೆದಂತೆ ಕೊಟ್ಟಳು. ಪಟಾಕಿ ಮುದುಕಿಯೊಬ್ಬಳನ್ನು ಹೆಗಲ ಮೇಲೆ ಹಾಕಿಕೊಂಡ. ತಿರುವಿನಲ್ಲಿ ತಮ್ಮ ಹಳಿಯ ನಟ್ಟನಡುವೆ ನಿಂತು ಬಾವುಟ ಬೀಸುತ್ತಿದ್ದ. ಎಂಜಿನ್ನಿನ ಮುಖ ಅವನ ಎದುರಿಗೇ ಕಾಣಿಸಿತು. ಅಕ್ಕ ಕಣ್ಣು ಮುಚ್ಚಿಕೊಂಡಳು.

ಕಬ್ಬಿಣ ಕಬ್ಬಿಣವನ್ನು ತಿಕ್ಕುವ ಸದ್ದು ಬಹಳ ಹೊತ್ತು ಕೇಳಿತು. ಅವಳು ಕಣ್ಣು ತೆರೆದಾಗ ಎಕ್ಸ್‌ಪ್ರೆಸ್ ಜನರು ಕೂತಿದ್ದ ಜಾಗದಿಂದ ಕೂಗಳತೆ ದೂರದಲ್ಲಿ ನಿಂತಿತ್ತು. ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ಹಾರಿದ್ದ ತಮ್ಮ ಚರಂಡಿಯಿಂದ ಏಳುತ್ತಿದ್ದ. ಮಂಡಿ ತರಚಿತ್ತು, ಅಷ್ಟೇ.

ಪೊಲೀಸರು ಅಕ್ಕನನ್ನೂ ಪಟಾಕಿಯನ್ನೂ ಸ್ಟೇಷನ್ ಮಾಸ್ಟರ್ ಕೋಣೆಗೆ ಕರೆತಂದರು. ಟೀ ಕುಡಿಸುತ್ತಿದ್ದ ಅದೇ ಅಧಿಕಾರಿ ಬಂದು ಕುರ್ಚಿಯಲ್ಲಿ ಕೂತ. ಹರಿದ ಅಂಗಿಯಲ್ಲೇ ತಮ್ಮ ಗೋಡೆಗೆ ಒರಗಿ ನಿಂತಿದ್ದ.

"ಹೆಣಗಳ ರಾಶಿ ಬೀಳ್ತಿತ್ತು. ಯಾರ್ರೀ ಹೊಣೆ?" ಅಧಿಕಾರಿ ಮೇಜು ಗುದ್ದಿದ. "ಯಾರು ಕರೆದದ್ದು ಜನಾನ?"

"ನಾನು. ಇವನು ನನ್ನ ತಮ್ಮ. ಅವನಿಗೇನೂ ಗೊತ್ತಿರಲಿಲ್ಲ" ಎಂದಳು ಅಕ್ಕ.

"ಗೊತ್ತಿತ್ತು ಸರ್" ಎಂದ ತಮ್ಮ. "ನಿನ್ನೆ ಸಂಜೆನೇ ನಿಮ್ಮ ಮನೆಗೆ ಬಂದು ಹೇಳಿದ್ದೆ. ಜಾಗ ಹೇಳಿದೆ, ಅಕ್ಕನ ಹೆಸರನ್ನೂ ಹೇಳಿದೆ. ಎಕ್ಸ್‌ಪ್ರೆಸ್ ನಿಧಾನ ಮಾಡ್ಸಿ ಅಂತ ಕೇಳ್ಕೊಂಡೆ. ನೋಡೋಣ ಅಂದ್ರಿ."

ಅಕ್ಕನ ಕಿವಿ ಕಾದವು. ಹೆಸರು ಹೇಳಿದ್ದಾನೆ! ತಾನು ಎತ್ತಿ ಬೆಳೆಸಿದವನು! ಮರುಗಳಿಗೆಯಲ್ಲೇ ಅಧಿಕಾರಿಯ ಮುಖ ನೋಡಿದಳು. ಅದು ಸುಣ್ಣದ ಗೋಡೆಯಂತಾಗಿತ್ತು.

ಅವನು ಪೊಲೀಸರನ್ನು ಹೊರಗೆ ಕಳಿಸಿ ದನಿ ತಗ್ಗಿಸಿದ. "ನೋಡಮ್ಮ, ಎರಡು ಬೋಗಿ ವಾಪಸ್ ಹಾಕಿಸ್ತೀನಿ. ಕೇಸೂ ಬೇಡ. ಗಾರ್ಡ್ ನನ್ನ ಮನೆಗೆ ಬಂದೇ ಇರಲಿಲ್ಲ. ಸರೀನಾ?"

ಪಟಾಕಿ ಅಕ್ಕನ ಕಡೆ ನೋಡಿದ. ಇಷ್ಟು ದಿನ ಬೇಡಿದ್ದು ಇದನ್ನೇ. ತಲೆ ಆಡಿಸಿದರೆ ಸಾಕು.

"ನಿಮ್ಮ ಕೇಸು ಹಾಕ್ಕೊಳ್ಳಿ ಸಾರ್" ಎಂದಳು ಅಕ್ಕ. "ಜನಾನ ಆ ತಿರುವಿಗೆ ಕರ್ಕೊಂಡು ಹೋಗಿದ್ದು ನನ್ನ ತಪ್ಪು, ನಾನು ಒಪ್ಕೋತೀನಿ. ನಿಮ್ಮದನ್ನ ನೀವು ಒಪ್ಕೊಳ್ಳಿ. ಅವನು ಬಂದಿದ್ದು ನಿಜ. ಅದನ್ನ ಹೇಳೋದು ಬಿಡೋದು ಅವನಿಷ್ಟ."

"ಕೇಳಿದ ಕಡೆ ಹೇಳ್ತೀನಿ" ಎಂದ ತಮ್ಮ.

ವಿಚಾರಣೆ ನಡೆಯಿತು. ತಮ್ಮ ಹೇಳಿದ. ಅಧಿಕಾರಿಯನ್ನು ಆ ಕುರ್ಚಿಯಿಂದ ಎಬ್ಬಿಸಿದರು. ಅಕ್ಕ ನ್ಯಾಯಾಲಯದಲ್ಲಿ ದಂಡ ಕಟ್ಟಿದಳು. ಪತ್ರಿಕೆಗಳ ಬಾಯಿಗೆ ಹೆದರಿ ಮೇಲಿನವರು ಬೋಗಿಗಳನ್ನು ಮರಳಿ ಜೋಡಿಸಿದರು. ಜೊತೆಗೇ ತಮ್ಮನನ್ನು ದೂರದ ಗೂಡ್ಸ್ ಗಾಡಿಗೆ ವರ್ಗ ಮಾಡಿದರು. ಮೇಲಿನವನನ್ನು ಬೀಳಿಸಿದವನಿಗೆ ಇಲಾಖೆ ಹಾರ ಹಾಕುವುದಿಲ್ಲ.

ಅಷ್ಟು ದಿನವೂ ಅಕ್ಕ ಅವನಿಗೆ ಊಟ ಬಡಿಸಿದಳು, ಮಾತಾಡಲಿಲ್ಲ. ಹೊರಡುವ ಬೆಳಿಗ್ಗೆ ಇಬ್ಬರೂ ಅದೇ ಲೋಕಲ್ ಹತ್ತಿದರು. ಎದುರುಬದುರು ಸೀಟು ಸಿಕ್ಕಿತು. ಗಾಡಿ ತಿರುವು ದಾಟಿ ಬಹಳ ದೂರ ಬಂದ ಮೇಲೆ ಅವಳು ಕೇಳಿದಳು:

"ನನ್ನ ಹೆಸರು ಹೇಳುವಾಗ ನಾಲಿಗೆ ಹೇಗೋ ಹೊರಳ್ತು?"

"ಹೊರಳಲಿಲ್ಲ ಅಕ್ಕ. ಅವರ ಮನೆ ಬಾಗಿಲಲ್ಲಿ ಎರಡು ಸಲ ವಾಪಸ್ ಹೊರಟಿದ್ದೆ."

ಅವಳು ಕಿಟಕಿಯಾಚೆ ನೋಡಿದಳು. ಅವಳು ಇಳಿಯುವ ಸ್ಟೇಷನ್ ಬಂತು. ಜನ ಇಳಿದರು. ಅವಳು ಏಳಲಿಲ್ಲ.

"ಅಕ್ಕಾ, ಕಾರ್ಖಾನೆ?"

"ಇವತ್ತೊಂದು ದಿನ ಅವರೇ ಹೊಲ್ಕೊಳ್ಳಲಿ" ಎಂದಳು. "ನಿನ್ನ ಹೊಸ ರೂಮಿಗೆ ಕಿಟಕಿ ಎಷ್ಟಿದೆ, ಪರದೆ ಎಷ್ಟು ಬೇಕು ಅಂತ ನೋಡ್ಕೊಂಡು ಬರ್ತೀನಿ."